ಕೈಯಲ್ಲಿ ಹಿಡಿಯುವ ಜಿಪಿಎಸ್‌ನಲ್ಲಿ ವಾಸ್/ಎಗ್ನಾಸ್ ಆನ್ ಇಡಬೇಕಾ, ಆಫ್ ಮಾಡಬೇಕಾ? ತೋಟದ ಅಳತೆಗೆ

ಬೆಟ್ಟದಂಚು

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ಕಡೆ, ಅಡಿಕೆ ತೋಟ, ಅದರ ಮೇಲೆ ಸೊಪ್ಪಿನ ಬೆಟ್ಟ. ಅಣ್ಣನ ಮಗ ಊರಿಗೆ ಬಂದವನು ತನ್ನ ಹಳೇ ಗಾರ್ಮಿನ್ ಇಟ್ರೆಕ್ಸ್ 10 ನನಗೆ ಕೊಟ್ಟು ಹೋಗಿದ್ದಾನೆ. ಎರಡು ಪೆನ್ಸಿಲ್ ಸೆಲ್ ಹಾಕಿದರೆ ಆಯ್ತು, ಮಳೆಗೂ ಹೆದರಬೇಕಿಲ್ಲ, ಬೆಟ್ಟದಲ್ಲಿ ಮೊಬೈಲ್ ಹಿಡಿದು ಒದ್ದಾಡುವುದಕ್ಕಿಂತ ಇದೇ ಚೆನ್ನಾಗಿದೆ.

ನನಗೆ ಬೇಕಿರುವುದು ಎರಡು ಕೆಲಸ. ಒಂದು, ನೀರಿನ ಪೈಪಿನ ವಾಲ್ವ್‌ಗಳು, ಪಂಪಿನ ಮನೆ, ಗಡಿ ಕಲ್ಲುಗಳು ಎಲ್ಲಿವೆ ಅಂತ ಗುರುತು ಹಾಕಿಡುವುದು, ಯಾಕೆಂದರೆ ಎರಡು ಮಳೆಗಾಲ ಕಳೆದರೆ ವಾಲ್ವ್ ಎಲ್ಲಿ ಹೂತಿದೆ ಅಂತ ನನಗೇ ಗೊತ್ತಾಗುವುದಿಲ್ಲ. ಇನ್ನೊಂದು, ಹೊಸದಾಗಿ ಸಸಿ ಹಾಕಿದ ಜಾಗ ಎಷ್ಟು ಗುಂಟೆ ಅಂತ ಸುತ್ತ ನಡೆದು ನೋಡುವುದು. ಅದರಲ್ಲೇ ವಿಸ್ತೀರ್ಣ ಲೆಕ್ಕ ಹಾಕುವ ಸೌಲಭ್ಯ ಇದೆ.

ಸೆಟಪ್ ಒಳಗೆ ಸಿಸ್ಟಂ ಅಂತ ಹೋದರೆ ವಾಸ್/ಎಗ್ನಾಸ್ ಅಂತ ಒಂದು ಆಯ್ಕೆ ಇದೆ, ಜಿಪಿಎಸ್ ತೋರಿಸುವ ಜಾಗದ ತಪ್ಪನ್ನು ಬೇರೆ ಉಪಗ್ರಹದ ಸಂಕೇತದಿಂದ ತಿದ್ದುವುದಂತೆ. ಮಗ ಆನ್ ಮಾಡು ಅಂದ. ಪಕ್ಕದೂರಿನ ಸ್ನೇಹಿತರೊಬ್ಬರು, ಅವರು ಟ್ರೆಕ್ಕಿಂಗ್ ಎಲ್ಲ ಮಾಡುವವರು, ಅದು ಅಮೆರಿಕದವರಿಗೆ, ಇಲ್ಲಿ ಹಾಕಿದರೆ ಇನ್ನೂ ತಪ್ಪು ತೋರಿಸುತ್ತದೆ, ಬ್ಯಾಟರಿಯೂ ತಿನ್ನುತ್ತದೆ ಅಂದರು. ಆನ್ ಮಾಡಿ ನೋಡಿದೆ, ಆಫ್ ಮಾಡಿ ನೋಡಿದೆ. ಅದೇ ಗಡಿ ಕಲ್ಲು ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಅಗಳಿನ ಆಚೆ ದಡದಲ್ಲಿ! ಯಾವುದನ್ನು ನಂಬುವುದು? ತಿಳಿದವರು ಬಿಡಿಸಿ ಹೇಳಿ.

ರೇಡಿಯೋ ರಾಯ

ಆನ್ ಇಡಿ. ಜಿಪಿಎಸ್ ತಪ್ಪು ತಿದ್ದಲು ಭಾರತದ್ದೇ ವ್ಯವಸ್ಥೆ ಗಗನ್ ಇದೆಯಲ್ಲ. ಆ ಆಯ್ಕೆ ಆನ್ ಇದ್ದರೆ ಯಂತ್ರ ಗಗನ್ ಸಂಕೇತವನ್ನೂ ಹುಡುಕುತ್ತದೆ. ನಿಮ್ಮ ಸ್ನೇಹಿತರು ಹೇಳಿದ್ದು ಹತ್ತು ಹನ್ನೆರಡು ವರ್ಷ ಹಿಂದಿನ ಮಾತು.

ಚಾರಣದ ಚೀಲ

ನಾನು ಆಫ್ ಪಾರ್ಟಿ. ಕುಮಾರ ಪರ್ವತ, ಕುದುರೆಮುಖ ಎಲ್ಲ ಕಡೆ ಆಫ್ ಇಟ್ಟೇ ಓಡಾಡಿದ್ದೇನೆ, ಯಾವತ್ತೂ ದಾರಿ ತಪ್ಪಿಲ್ಲ. ಕಾಡಿನಲ್ಲಿ ದಾರಿ ಸಿಕ್ಕರೆ ಸಾಕು, ಐದು ಮೀಟರ್ ಆಚೀಚೆ ಆದರೆ ಏನು ಗಂಟು ಹೋಯ್ತು? ಬ್ಯಾಟರಿ ಉಳಿಯುವುದು ಮುಖ್ಯ. ಹಳೇ ಮಾದರಿಗಳಲ್ಲಿ ಬ್ಯಾಟರಿ ಸೇವರ್ ಹಾಕಿದ ತಕ್ಷಣ ವಾಸ್ ತಾನಾಗಿಯೇ ನಿಲ್ಲುತ್ತಿತ್ತು. ತಯಾರಿಸಿದವರಿಗೇ ಅದು ಬ್ಯಾಟರಿ ತಿನ್ನುತ್ತದೆ ಅಂತ ಗೊತ್ತು ಅಂದ ಹಾಗಾಯ್ತು ಅಲ್ವಾ.

ಎಲ್1 ಎಲ್5

ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಅಮೆರಿಕದ್ದು ವಾಸ್, ಯೂರೋಪಿನದು ಎಗ್ನಾಸ್, ಜಪಾನಿನದು ಎಂಸಾಸ್, ನಮ್ಮದು ಗಗನ್. ಎಲ್ಲವೂ ಒಂದೇ ಕ್ರಮದಲ್ಲಿ ಸಂದೇಶ ಕಳಿಸುತ್ತವೆ, ಅದೂ ಜಿಪಿಎಸ್ ಬಳಸುವ 1575.42 ಮೆಗಾಹರ್ಟ್ಸ್‌ನಲ್ಲೇ. ಅದಕ್ಕೇ ಬೇರೆ ಆಂಟೆನಾ ಬೇಡ, ಬೇರೆ ರೇಡಿಯೋ ಬೇಡ. ಮೆನುವಿನಲ್ಲಿ ಇರುವ ಆ ಒಂದೇ ಗುಂಡಿ ಎಲ್ಲಕ್ಕೂ ಸೇರಿದ್ದು.

ಆಫ್ ಮಾಡಿ ಅನ್ನುವ ಮಾತು ಸುಮ್ನೆ ಹುಟ್ಟಿದ್ದಲ್ಲ. ವಾಸ್ 2003ರ ಜುಲೈನಲ್ಲಿ ಶುರುವಾಯಿತು, ಎಗ್ನಾಸ್ ಎಲ್ಲರಿಗೂ ತೆರೆದದ್ದು 2009ರ ಅಕ್ಟೋಬರ್‌ನಲ್ಲಿ. ಆಗ ಇಲ್ಲಿ ಯಾರಾದರೂ ಆನ್ ಮಾಡಿದರೆ ದಿಗಂತದ ಹತ್ತಿರ ಯಾವುದೋ ಹೊರಗಿನ ಉಪಗ್ರಹ ಸಿಗುತ್ತಿತ್ತು. ಅದರ ಸಂದೇಶದಲ್ಲಿ ಯೂರೋಪಿನ ಆಕಾಶದ ಲೆಕ್ಕ ಇರುತ್ತಿತ್ತು, ಇಲ್ಲವೇ ಜಪಾನಿನ ಆಕಾಶದ್ದು. ನಮ್ಮ ನೆತ್ತಿಯ ಮೇಲಿನದು ಇರುತ್ತಿರಲಿಲ್ಲ. ಹಾಗಾಗಿ ಲಾಭ ಇಲ್ಲ, ಕೆಲವೊಮ್ಮೆ ನಷ್ಟ. ಗಗನ್‌ಗೆ ವಿಮಾನಯಾನದ ಮೊದಲ ಹಂತದ ಪ್ರಮಾಣಪತ್ರ ಸಿಕ್ಕಿದ್ದು 2013ರ ಡಿಸೆಂಬರ್ 30ಕ್ಕೆ, ಅದಕ್ಕಿಂತ ಬಿಗಿಯಾದ ಮುಂದಿನ ಹಂತದ್ದು 2015ರ ಏಪ್ರಿಲ್ 21ಕ್ಕೆ. ಅಲ್ಲಿಂದ ಈಚೆಗೆ ಆ ಹಳೇ ಸಲಹೆ ಈ ದೇಶಕ್ಕೆ ಅನ್ವಯಿಸುವುದಿಲ್ಲ.

ಇದು ಕೆಲಸ ಮಾಡುವುದು ಹೀಗೆ. ಇಸ್ರೋ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರ ಸೇರಿ ದೇಶದಲ್ಲಿ 15 ಕಡೆ ನೆಲಕೇಂದ್ರ ಇಟ್ಟಿವೆ. ಆ ಕೇಂದ್ರಗಳ ಆಂಟೆನಾ ಎಲ್ಲಿದೆ ಅಂತ ಸೆಂಟಿಮೀಟರ್ ಲೆಕ್ಕದಲ್ಲಿ ಗೊತ್ತು. ಜಿಪಿಎಸ್ ಏನು ಹೇಳುತ್ತದೆ, ನಿಜವಾಗಿ ಎಷ್ಟಿರಬೇಕಿತ್ತು, ಎರಡರ ನಡುವಿನ ವ್ಯತ್ಯಾಸ ಬೆಂಗಳೂರಿನ ಕುಂದಲಹಳ್ಳಿಯ ನಿಯಂತ್ರಣ ಕೇಂದ್ರಕ್ಕೆ ಹೋಗುತ್ತದೆ. (ದಿನಾ ಕುಂದಲಹಳ್ಳಿ ಗೇಟ್ ಟ್ರಾಫಿಕ್‌ನಲ್ಲಿ ನಿಂತು ಬೈಯುವವರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ!) ಅಲ್ಲಿ ತಿದ್ದುಪಡಿ ಲೆಕ್ಕ ಹಾಕಿ ಜಿಸ್ಯಾಟ್-8, ಜಿಸ್ಯಾಟ್-10, ಜಿಸ್ಯಾಟ್-15 ಈ ಮೂರು ಉಪಗ್ರಹಗಳಿಗೆ ಅಂತ ಮೇಲಕ್ಕೆ ಕಳಿಸುತ್ತಾರೆ. ಅಲ್ಲಿಂದ ಅದು ನಿಮ್ಮ ಕೈಗೆ ಇಳಿಯುತ್ತದೆ. ವೇಗ ಸೆಕೆಂಡಿಗೆ ಬರೀ 250 ಬಿಟ್. ಒಂದು ವಾಟ್ಸಾಪ್ ಫೋಟೋ ಕಳಿಸಲು ಗಂಟೆ ಹಿಡಿಯುವಷ್ಟು ನಿಧಾನ. ಅದಕ್ಕೇ ಆನ್ ಮಾಡಿದ ಕೂಡಲೇ ಫಲ ಕಾಣುವುದಿಲ್ಲ. ಅಯಾನುಗೋಳದ (ಮೇಲಿನ ವಾತಾವರಣದಲ್ಲಿ ಸಂಕೇತವನ್ನು ತಡ ಮಾಡುವ ಪದರ) ಪಟ್ಟಿ ಪೂರ್ತಿ ಇಳಿಯಲು ಐದು ನಿಮಿಷದವರೆಗೂ ಬೇಕಾಗುತ್ತದೆ. ಹೊಸದಾಗಿ ಹುಡುಕುವ ಯಂತ್ರಕ್ಕೆ ಇನ್ನೂ ಜಾಸ್ತಿ. ಅಂಗಳದಲ್ಲಿ ಆನ್ ಮಾಡಿ ಕಲ್ಲಿನ ಮೇಲೆ ಇಟ್ಟು ಚಹಾ ಕುಡಿದು ಬನ್ನಿ.

ನಿಮ್ಮ ಇಟ್ರೆಕ್ಸ್‌ನಲ್ಲಿ ಅದು ಸಿಗುತ್ತಿದೆಯೋ ಇಲ್ಲವೋ ನೋಡಲು ಸ್ಯಾಟಲೈಟ್ ಪುಟ ತೆಗೆಯಿರಿ. ಸಾಮಾನ್ಯ ಜಿಪಿಎಸ್ ಉಪಗ್ರಹಗಳು 1ರಿಂದ 32ರವರೆಗೆ. ತಿದ್ದುಪಡಿ ಉಪಗ್ರಹಗಳ ನಂಬರು 33ರಿಂದ ಮೇಲೆ. ಗಗನ್‌ನವು ಅಂತಾರಾಷ್ಟ್ರೀಯ ಪಟ್ಟಿಯಲ್ಲಿ 127, 128, 132. ಗಾರ್ಮಿನ್ ಅದರಿಂದ 87 ಕಳೆದು ತೋರಿಸುತ್ತದೆ, ಅಂದರೆ 40, 41, 45. ಈ ಮೂರರಲ್ಲಿ ಒಂದಾದರೂ ಕಂಡು, ಬೇರೆ ಉಪಗ್ರಹಗಳ ಸಂಕೇತದ ಬಲ ತೋರಿಸುವ ಕಂಬದೊಳಗೆ ಡಿ ಅನ್ನುವ ಅಕ್ಷರ ಬಂದರೆ ತಿದ್ದುಪಡಿ ನಡೆಯುತ್ತಿದೆ. 40 ಕಾಣುತ್ತಿದೆ ಆದರೆ ಎಲ್ಲೂ ಡಿ ಇಲ್ಲ ಅಂದರೆ ಸಂಕೇತ ಸಿಕ್ಕಿದೆ, ಬಳಸುತ್ತಿಲ್ಲ. ಇನ್ನೂ ಕಾಯಿರಿ. ಆಮೇಲೂ ಬರದಿದ್ದರೆ ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿ ನೋಡಿ.

ಈಗ ಬೆಳಿಗ್ಗೆ ಒಂದು ಕಡೆ ಮಧ್ಯಾಹ್ನ ಒಂದು ಕಡೆ ಅನ್ನುವ ವಿಷಯ. ಅದರಲ್ಲಿ ದೊಡ್ಡ ಪಾಲು ಅಯಾನುಗೋಳದ್ದು. ಬಿಸಿಲೇರಿದ ಹಾಗೆ ಮೇಲಿನ ವಾತಾವರಣದಲ್ಲಿ ಎಲೆಕ್ಟ್ರಾನುಗಳು ಹೆಚ್ಚುತ್ತವೆ, ಸಂಕೇತ ಅಷ್ಟು ತಡವಾಗುತ್ತದೆ. ಮಧ್ಯಾಹ್ನ ಎರಡರ ಸುಮಾರಿಗೆ ಅದು ತುದಿ ಮುಟ್ಟುತ್ತದೆ. ದಕ್ಷಿಣ ಭಾರತದಲ್ಲಿ ಈ ಕಾಟ ಬೇರೆ ಕಡೆಗಿಂತ ಜಾಸ್ತಿ, ಯಾಕೆಂದರೆ ಭೂಮಿಯ ಕಾಂತೀಯ ಸಮಭಾಜಕ ಕೇರಳದ ತುದಿಯ ಹತ್ತಿರ ಹಾದುಹೋಗುತ್ತದೆ. ತಿರುವನಂತಪುರದ ಹತ್ತಿರದ ತುಂಬಾ ಅನ್ನುವ ಊರಿನಲ್ಲಿ 1963ರಲ್ಲಿ ರಾಕೆಟ್ ಹಾರಿಸಲು ಜಾಗ ಆರಿಸಿದ್ದೂ ಅದೇ ಕಾರಣಕ್ಕೆ. ಜಿಪಿಎಸ್ ತನ್ನೊಳಗೇ ಒಂದು ಅಂದಾಜು ಸೂತ್ರ ಇಟ್ಟುಕೊಂಡಿದೆ, ಅದು ಈ ತಡದಲ್ಲಿ ಹೆಚ್ಚುಕಡಿಮೆ ಅರ್ಧ ಕಳೆಯುತ್ತದೆ. ಉಳಿದ ಅರ್ಧದಲ್ಲೇ ಇರುವುದು ನಿಮ್ಮ ಅಗಳಿನ ಆಚೆ ದಡ. ಗಗನ್ ಕಳಿಸುವುದು ಆ ದಿನ, ಆ ಹೊತ್ತಿನಲ್ಲಿ ಅಳೆದ ಲೆಕ್ಕ, 5 ಡಿಗ್ರಿಗೊಂದರಂತೆ ಚೌಕ ಹಾಕಿದ ನಕ್ಷೆಯ ರೂಪದಲ್ಲಿ. 2024ರ ಹೊತ್ತಿಗೆ ಸೂರ್ಯ ತನ್ನ ಚಟುವಟಿಕೆಯ ತುದಿಯಲ್ಲಿದ್ದ. ಅಂಥ ವರ್ಷಗಳಲ್ಲಿ ಆನ್ ಮತ್ತು ಆಫ್ ನಡುವಿನ ಅಂತರ ಬರಿಗಣ್ಣಿಗೇ ಕಾಣುತ್ತದೆ.

ಆದರೆ ಒಂದು ಮಾತು. ಗಗನ್‌ಗೆ ನಿಮ್ಮ ತೋಟದ ಮರ ಗೊತ್ತಿಲ್ಲ. ಉಪಗ್ರಹದ ಗಡಿಯಾರದ ತಪ್ಪು, ಕಕ್ಷೆಯ ತಪ್ಪು, ಅಯಾನುಗೋಳ, ಇಷ್ಟನ್ನು ಅದು ತಿದ್ದುತ್ತದೆ. ಒದ್ದೆ ಸೋಗೆಗೆ ಬಡಿದು, ಧರೆಗೆ ಬಡಿದು, ಸುತ್ತಿ ಬಳಸಿ ಬಂದ ಸಂಕೇತವನ್ನು ತಿದ್ದಲು ಯಾವ ಉಪಗ್ರಹಕ್ಕೂ ಆಗುವುದಿಲ್ಲ. ಬಯಲಿನಲ್ಲಿ ಆ ತಪ್ಪು ಒಂದು ಮೀಟರ್ ಇದ್ದರೆ ತೋಟದೊಳಗೆ ಅದೇ ಎಲ್ಲಕ್ಕಿಂತ ದೊಡ್ಡದು. ಹಾಗಾಗಿ ಅಂಗಳದಲ್ಲಿ, ಗದ್ದೆಯಲ್ಲಿ, ಬೋಳು ಹಕ್ಕಲಿನಲ್ಲಿ ಆನ್ ಇಟ್ಟರೆ ನಿಜವಾದ ಲಾಭ. ಅಲ್ಲಿ ಸಾದಾ ಜಿಪಿಎಸ್‌ಗೆ 15 ಮೀಟರ್ ಒಳಗೆ, ವಾಸ್ ಇದ್ದರೆ 3ರಿಂದ 5 ಮೀಟರ್ ಅಂತ ಹಳೇ ಕೈಪಿಡಿಗಳಲ್ಲಿ ಇರುತ್ತಿತ್ತು. ಈಗಿನ ಸಾದಾ ಜಿಪಿಎಸ್ ಅದಕ್ಕಿಂತ ತುಂಬ ಚೆನ್ನಾಗಿದೆ. ತೋಟದೊಳಗೆ ಆನ್ ಇದ್ದರೂ ದೊಡ್ಡ ನಿರೀಕ್ಷೆ ಬೇಡ.

ಬ್ಯಾಟರಿ ಬಗ್ಗೆ ಚೀಲದವರ ಮಾತು ಸುಳ್ಳಲ್ಲ, ಆದರೆ ಈ ಯಂತ್ರ ಎರಡು ಸೆಲ್ಲಿಗೆ 25 ಗಂಟೆ ಓಡುತ್ತದೆ ಅಂತ ಕಂಪನಿ ಹೇಳುತ್ತದೆ. ಮನೆಯಿಂದ ಕೂಗಳತೆಯಲ್ಲಿ ಇರುವ ತೋಟಕ್ಕೆ ಬ್ಯಾಟರಿ ಚಿಂತೆ ಯಾಕೆ?

ಚಾರಣದ ಚೀಲ

ಒಪ್ಪಿದೆ, ನನ್ನ ಮಾತು ಕಾಡು ತಿರುಗುವವರಿಗೆ. ಅವರಿಗೆ ವಾಲ್ವ್ ಹುಡುಕಬೇಕಿದ್ದರೆ ಕಥೆ ಬೇರೆ. ಆದರೂ ಪರದೆ ಮೇಲೆ 3 ಮೀಟರ್ ಅಂತ ತೋರಿಸಿದ್ದನ್ನೇ ವೇದವಾಕ್ಯ ಅಂತ ನಂಬುವವರನ್ನು ಬಹಳ ನೋಡಿದ್ದೇನೆ. ಅದರ ಬಗ್ಗೆ ಯಾರೂ ಹೇಳಲಿಲ್ಲ.

ಎಲ್1 ಎಲ್5

ನಿಜ. ಅದು ಯಂತ್ರ ತನಗೆ ತಾನೇ ಕೊಟ್ಟುಕೊಳ್ಳುವ ಅಂಕ. ಉಪಗ್ರಹಗಳು ಆಕಾಶದಲ್ಲಿ ಹೇಗೆ ಹರಡಿವೆ, ಸಂಕೇತ ಎಷ್ಟು ಗಟ್ಟಿ ಅಂತ ನೋಡಿ ಅಂದಾಜು ಹೇಳುತ್ತದೆ. ನಿಜವಾದ ಜಾಗ ಅದಕ್ಕೂ ಗೊತ್ತಿಲ್ಲವಲ್ಲ. ವಾಸ್ ಆನ್ ಮಾಡಿದ ಕೂಡಲೇ ಆ ಅಂಕಿ ಇಳಿಯುತ್ತದೆ, ಜನ ಖುಷಿ ಪಡುತ್ತಾರೆ. ಅಂಕಿ ಇಳಿದದ್ದಕ್ಕೂ ತಪ್ಪು ಇಳಿದದ್ದಕ್ಕೂ ನೇರ ಸಂಬಂಧ ಇರಲೇಬೇಕು ಅಂತಿಲ್ಲ, ಮರದ ಕೆಳಗಂತೂ ಇಲ್ಲವೇ ಇಲ್ಲ.

ಪರೀಕ್ಷೆ ಮಾಡುವ ಆಸೆ ಇದ್ದರೆ ಒಂದೇ ಕಲ್ಲಿನ ಮೇಲೆ ಬೇರೆ ಬೇರೆ ಹೊತ್ತಿನಲ್ಲಿ ಗುರುತು ಹಾಕಿ, ಚುಕ್ಕಿಗಳು ಎಷ್ಟು ಹರಡಿವೆ ನೋಡಿ. ಐದು ನಿಮಿಷದೊಳಗೆ ಹತ್ತು ಸಲ ಹಾಕಿದರೆ ಎಲ್ಲ ಒಂದೇ ಕಡೆ ಬಿದ್ದು ಮೋಸ ಮಾಡುತ್ತವೆ, ಯಾಕೆಂದರೆ ಅಷ್ಟು ಹೊತ್ತಿನಲ್ಲಿ ಆಕಾಶ ಬದಲಾಗಿರುವುದಿಲ್ಲ. ಮೆನುವಿನಲ್ಲಿ ವೇಪಾಯಿಂಟ್ ಆವರೇಜಿಂಗ್ (ಒಂದೇ ಗುರುತನ್ನು ಹಲವು ಸಲ ಅಳೆದು ಸರಾಸರಿ ತೆಗೆಯುವುದು) ಅಂತ ಇದ್ದರೆ ವಾಲ್ವ್‌ಗಳಿಗೆ ಅದನ್ನು ಬಳಸಿ. ಕೈಪಿಡಿಯೇ ಹೇಳುವುದು ನಾಲ್ಕರಿಂದ ಎಂಟು ಸಲ, ಒಂದು ಸಲಕ್ಕೂ ಇನ್ನೊಂದಕ್ಕೂ 90 ನಿಮಿಷವಾದರೂ ಬಿಟ್ಟು. ವಾಸ್ ಆನ್ ಮಾಡುವುದಕ್ಕಿಂತ ಇದರಿಂದ ಹೆಚ್ಚು ಸಿಗಬಹುದು.

ಹಳೇ ಸರಪಳಿ

ಮೋಜಣಿ ಕೆಲಸ ಮಾಡಿ ನಿವೃತ್ತನಾದವನು. ಗುಂಟೆ ಅನ್ನುವ ಮಾತು ಬಂದಿದ್ದಕ್ಕೆ ಬರೆಯುತ್ತಿದ್ದೇನೆ.

ಒಂದು ಎಕರೆ ಚೌಕ ಜಾಗ ತಗೊಳ್ಳಿ. ಒಂದು ಬದಿ ಸುಮಾರು 64 ಮೀಟರ್, ಸುತ್ತಳತೆ 254 ಮೀಟರ್. ನೀವು ಬೇಲಿಯ ಒಳಗೆ ಒಂದು ಮೀಟರ್ ಬಿಟ್ಟು ನಡೆದಿರೋ, ಸುತ್ತ ಸುಮಾರು 250 ಚದರ ಮೀಟರ್ ಹೋಯ್ತು. ಗುಂಟೆ ಅಂದರೆ 101 ಚದರ ಮೀಟರ್. ಅಂದರೆ ಎರಡೂವರೆ ಗುಂಟೆ ಬರೀ ಕಾಲಿನ ದಾರಿಯಿಂದಲೇ ತಪ್ಪಿತು, ಉಪಗ್ರಹದ ಮಾತು ಆಮೇಲೆ. ಅದೇ ಹತ್ತು ಎಕರೆಗಾದರೆ ಒಂದು ಮೀಟರಿಗೆ ಎಂಟು ಗುಂಟೆ, ಆದರೆ 400 ಗುಂಟೆಯಲ್ಲಿ ಎಂಟು. ಜಾಗ ಚಿಕ್ಕದಾದಷ್ಟೂ ಈ ಯಂತ್ರ ಕೆಲಸಕ್ಕೆ ಬಾರದು. ಅರ್ಧ ಎಕರೆಗಿಂತ ಕಡಿಮೆ ಇದ್ದರೆ ಟೇಪು ಹಿಡಿಯಿರಿ, ಜೊತೆಗೆ ಒಬ್ಬರನ್ನು ಕರೆದುಕೊಳ್ಳಿ.

ಇನ್ನೊಂದು, ವಿಸ್ತೀರ್ಣಕ್ಕೆ ಆನ್ ಆಫ್ ಎರಡೂ ಅಂಥ ವ್ಯತ್ಯಾಸ ಮಾಡುವುದಿಲ್ಲ. ಗೋಡೆ ಗಡಿಯಾರ ಹತ್ತು ನಿಮಿಷ ಮುಂದಿದ್ದರೂ ಬಸ್ಸು ಶಿರಸಿಯಿಂದ ಸಿದ್ದಾಪುರಕ್ಕೆ ಎಷ್ಟು ಹೊತ್ತು ತಗೊಂಡಿತು ಅನ್ನುವುದು ಸರಿಯಾಗಿಯೇ ಸಿಗುತ್ತದೆ. ಹಾಗೆ ಇಡೀ ತೋಟ ಐದು ಮೀಟರ್ ಪೂರ್ವಕ್ಕೆ ಸರಿದು ಬಿದ್ದರೂ ತೋಟದ ಆಕಾರ ಅದೇ, ಗುಂಟೆ ಅದೇ. ಒಂದೇ ಏಟಿಗೆ ಸುತ್ತಿ ಮುಗಿಸಬೇಕು, ಅಷ್ಟೇ. ಅರ್ಧ ಬೆಳಿಗ್ಗೆ, ಊಟ ಆದ ಮೇಲೆ ಇನ್ನರ್ಧ ಅಂತ ಮಾಡಿದರೆ ಎರಡು ತುಂಡು ಕೂಡುವುದಿಲ್ಲ.

ಮತ್ತೆ ಗಡಿ ಕಲ್ಲು. ದಯವಿಟ್ಟು ಪಕ್ಕದವರ ಜೊತೆ ಇದನ್ನು ಹಿಡಿದುಕೊಂಡು ಮಾತಿಗೆ ಹೋಗಬೇಡಿ. ಸರ್ವೆ ಇಲಾಖೆಯ ಹಳೇ ಟಿಪ್ಪಣಿಯಲ್ಲಿ ಇರುವುದು 33 ಅಡಿಯ ಸರಪಳಿ, 16 ಆಣೆ ಲೆಕ್ಕ. ಒಂದು ಆಣೆ ಅಂದರೆ ಎರಡಡಿ ಚಿಲ್ಲರೆ. ನೂರು ವರ್ಷ ಹಿಂದೆ ಕಬ್ಬಿಣದ ಸರಪಳಿ ಎಳೆದು ಬರೆದದ್ದು ನಿಮ್ಮ ಕೈಯ ಯಂತ್ರಕ್ಕಿಂತ ನಿಖರ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಬಹುದು, ನಾನೂ ನೋಡುತ್ತೇನೆ, ಆದರೆ ಅದರ ಗೆರೆ ನೋಡಿ ಬೇಲಿ ಕೀಳುವವರು ಇದ್ದಾರೆ! ತಕರಾರು ಇದ್ದರೆ ಹದ್ದುಬಸ್ತಿಗೆ ಅರ್ಜಿ ಕೊಡಿ, ಬಾಂದು ಕಲ್ಲಿನಿಂದ ಅಳೆದು ತೋರಿಸುತ್ತಾರೆ.

ಬೆಟ್ಟದಂಚು

ಎಲ್ಲರಿಗೂ ಧನ್ಯವಾದ. ತಕರಾರು ಏನೂ ಇಲ್ಲ ಸರಪಳಿಯವರೇ, ಪಕ್ಕದವರು ನಮ್ಮ ದಾಯಾದಿಗಳೇ, ಹಾಗಂತ ಯಂತ್ರ ತೋರಿಸಿ ತಕರಾರು ಹುಟ್ಟಿಸುವುದೂ ಬೇಡ.

ಅಂಗಳದಲ್ಲಿ ಇಟ್ಟು ನೋಡಿದೆ. ಮೊದಲು 41 ಬಂತು, ಕಂಬ ಸ್ವಲ್ಪ ಹೊತ್ತು ಖಾಲಿ ಖಾಲಿ, ಆಮೇಲೆ ತುಂಬಿತು. ಒಂದೊಂದಾಗಿ ಡಿ ಬಂತು. 40 ಬರುತ್ತದೆ ಹೋಗುತ್ತದೆ. ಅಡಿಕೆ ಒಣಗಿಸುವ ಅಂಗಳದ ಮೂಲೆ ಕಲ್ಲಿಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಗುರುತು ಹಾಕಿದೆ. ಆನ್ ಇದ್ದಾಗಿನ ಚುಕ್ಕಿಗಳೆಲ್ಲ ಕಂಬಳಿ ಹಾಸಿದಷ್ಟು ಜಾಗದಲ್ಲಿ ಬಿದ್ದಿವೆ. ಆಫ್ ಇದ್ದಾಗಿನದರಲ್ಲಿ ಮಧ್ಯಾಹ್ನದ್ದು ಮಾತ್ರ ಕೊಟ್ಟಿಗೆಯ ಒಳಗೆ ಹೋಗಿದೆ.

ಆದರೆ ತೋಟದೊಳಗೆ ಬಂದರೆ ಆಟವೇ ಬೇರೆ. ನಾಲ್ಕು ಹೆಜ್ಜೆಗೆ ಡಿ ಬರುತ್ತದೆ, ಮತ್ತೆ ನಾಲ್ಕು ಹೆಜ್ಜೆಗೆ ಹೋಗುತ್ತದೆ. ನಾನು ಅಗಳಿನ ಅಂಚಿನಲ್ಲಿ ನೇರ ನಡೆದದ್ದು, ಗೆರೆ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಬಂದಿದೆ. ಹೀಗಾದರೆ ಆನ್ ಇಡುವುದೋ ಬಿಡುವುದೋ?

ಎಲ್1 ಎಲ್5

ನೀವು ಹೇಳಿದ ಮೆಟ್ಟಿಲೇ ಈ ಚರ್ಚೆಯ ಮುಖ್ಯ ವಿಷಯ ಅಂತ ನನಗೆ ಅನ್ನಿಸುತ್ತದೆ. ತಿದ್ದಿದ ಲೆಕ್ಕ ಒಂದು ಕಡೆ ಹೇಳುತ್ತದೆ, ತಿದ್ದದ ಲೆಕ್ಕ ನಾಲ್ಕು ಮೀಟರ್ ಆಚೆ ಹೇಳುತ್ತದೆ, ಯಂತ್ರ ಎರಡರ ನಡುವೆ ಜಿಗಿಯುತ್ತದೆ. ತಿದ್ದುಪಡಿ ಬರುವ ಉಪಗ್ರಹ ಮರದ ಮರೆಗೆ ಹೋದ ತಕ್ಷಣ ಡಿ ಹೋಗುವುದಿಲ್ಲ, ಕೆಲ ಹೊತ್ತು ಹಳೇ ತಿದ್ದುಪಡಿಯಲ್ಲೇ ಓಡಿಸುತ್ತದೆ. ಆದರೆ ಒಂದೊಂದು ಜಿಪಿಎಸ್ ಉಪಗ್ರಹವೂ ಬಂದು ಹೋಗುತ್ತಾ ಇದ್ದರೆ ತಿದ್ದಿದ್ದು ತಿದ್ದದ್ದು ಎರಡೂ ಬೆರಕೆ ಆಗುತ್ತವೆ. ಸರಪಳಿಯವರು ಹೇಳಿದ ಹಾಗೆ ಇಡೀ ತೋಟ ಒಂದೇ ದಿಕ್ಕಿಗೆ ಸರಿದರೆ ಗುಂಟೆ ಕೆಡುವುದಿಲ್ಲ. ಅರ್ಧ ಸರಿದು ಅರ್ಧ ಸರಿಯದಿದ್ದರೆ ಕೆಡುತ್ತದೆ.

ಹಾಗಾಗಿ ನನ್ನ ಸಲಹೆ. ವಾಲ್ವ್, ಪಂಪಿನ ಮನೆ, ಬೋರು, ಮುಂದಿನ ವರ್ಷ ಬಂದು ಹುಡುಕಬೇಕಾದ ಯಾವುದೇ ಗುರುತಿಗೆ ಆನ್ ಇಡಿ, ನಿಂತು ಕಾದು ಹಾಕಿ. ಆಕಾಶ ಕಾಣುವ ಜಾಗದಲ್ಲಿ ಸುತ್ತು ಹೊಡೆದು ವಿಸ್ತೀರ್ಣ ನೋಡುವಾಗಲೂ ಆನ್ ಇರಲಿ. ದಟ್ಟ ತೋಟದ ಸುತ್ತು ಹೊಡೆಯುವಾಗ ಮಾತ್ರ ಆಫ್ ಮಾಡಿಯೇ ಹೊರಡಿ, ಮುಗಿಯುವವರೆಗೆ ಮುಟ್ಟಬೇಡಿ. ಹೊಸ ಸಸಿ ಹಾಕಿದ ಜಾಗದಲ್ಲಿ ಮರ ಇನ್ನೂ ಮೇಲೆದ್ದಿರುವುದಿಲ್ಲ ಅಲ್ವಾ, ಅಲ್ಲಿ ಆನ್ ಇದ್ದರೇ ಒಳ್ಳೆಯದು. ಯಂತ್ರವನ್ನು ಜೇಬಿನಲ್ಲಿ ಇಡಬೇಡಿ, ಟೋಪಿ ಮೇಲೆ ಅಥವಾ ಹೆಗಲ ಮೇಲೆ ಇರಲಿ. ನಮ್ಮ ದೇಹದ ನೀರೂ ಸಂಕೇತ ತಡೆಯುತ್ತದೆ.

ಒಂದು ಸಮಾಧಾನ ಏನೆಂದರೆ ಶಿರಸಿಯಿಂದ ನೋಡಿದರೆ ಗಗನ್‌ನ ಮೂರೂ ಉಪಗ್ರಹಗಳ ಜಾಗ ದಿಗಂತದಿಂದ 60 ಡಿಗ್ರಿಗಿಂತ ಮೇಲೆ. 41 ಅಂದರೆ ಜಿಸ್ಯಾಟ್-10, ಅದು 83 ಡಿಗ್ರಿ ಪೂರ್ವದಲ್ಲಿದೆ, ನಿಮಗೆ ಸುಮಾರು 70 ಡಿಗ್ರಿ ಎತ್ತರದಲ್ಲಿ, ಹೆಚ್ಚುಕಡಿಮೆ ನೆತ್ತಿಯ ಮೇಲೆ. ಅದಕ್ಕೇ ಅದು ಮೊದಲು ಸಿಕ್ಕಿದ್ದು.

ಹಿಮದ ಗೌಡ

ಫಿನ್ಲೆಂಡಿನಿಂದ ಬರೆಯುತ್ತಿದ್ದೇನೆ, ಊರು ಔಲು. ನೆತ್ತಿಯ ಮೇಲೆ ಅಂತ ಓದಿ ಹೊಟ್ಟೆ ಉರಿಯಿತು! ಇಲ್ಲಿ ಎಗ್ನಾಸ್ ಉಪಗ್ರಹ ದಕ್ಷಿಣದಲ್ಲಿ ದಿಗಂತದಿಂದ ಬರೀ 17 ಡಿಗ್ರಿ ಹತ್ತಿರ. ಪೈನ್ ಕಾಡಿನೊಳಗೆ ಕಾಲಿಟ್ಟರೆ ಹೋಯ್ತು, ಸಣ್ಣ ದಿಬ್ಬ ಅಡ್ಡ ಬಂದರೂ ಹೋಯ್ತು. ಇಲ್ಲಿ ಅಣಬೆ, ಬೆರ್ರಿ ಹುಡುಕಿಕೊಂಡು ಕಾಡಿಗೆ ಹೋಗುವವರಲ್ಲಿ ಬಹಳ ಜನ ಅದನ್ನು ಆಫ್ ಇಡುವುದು ಅದಕ್ಕೇ. ಆಫ್ ಮಾಡಿ ಅನ್ನುವ ಸಲಹೆ ಅಂತರ್ಜಾಲದಲ್ಲಿ ಓದಿದರೆ ಬರೆದವರು ಯಾವ ಅಕ್ಷಾಂಶದಲ್ಲಿ ಕೂತಿದ್ದಾರೆ ಅಂತ ಮೊದಲು ನೋಡಿ. ತಮಾಷೆ ಅಲ್ಲ, ನಿಜವಾಗಿ ಹೇಳುತ್ತಿದ್ದೇನೆ.

ಅಂದಹಾಗೆ ಇದನ್ನೆಲ್ಲ ಕಟ್ಟಿದ್ದು ಅಣಬೆಗೂ ಅಲ್ಲ ಅಡಿಕೆಗೂ ಅಲ್ಲ, ವಿಮಾನಕ್ಕೆ. 2022ರ ಏಪ್ರಿಲ್ 28ರಂದು ಇಂಡಿಗೋದ ಒಂದು ಎಟಿಆರ್ ವಿಮಾನ ರಾಜಸ್ಥಾನದ ಕಿಶನ್‌ಗಢದಲ್ಲಿ ಗಗನ್ ನೆಚ್ಚಿಕೊಂಡು ಇಳಿದು ಪರೀಕ್ಷೆ ಮಾಡಿತು. ಇಳಿಯುವ ವಿಮಾನಕ್ಕೆ ನಿಖರತೆ ಎಷ್ಟು ಮುಖ್ಯವೋ, ಈ ಉಪಗ್ರಹ ಕೆಟ್ಟಿದೆ ನಂಬಬೇಡ ಅಂತ ಕೆಲವೇ ಸೆಕೆಂಡುಗಳಲ್ಲಿ ಎಚ್ಚರಿಸುವುದು ಅಷ್ಟೇ ಮುಖ್ಯ. ಆ ಎಚ್ಚರಿಕೆ ನಿಮ್ಮ ಇಟ್ರೆಕ್ಸಿಗೂ ಪುಕ್ಕಟೆ ಸಿಗುತ್ತದೆ, ಆನ್ ಇಟ್ಟರೆ.

ಸಸಿಮಡಿ

ಮಧ್ಯೆ ಒಂದು ಪ್ರಶ್ನೆ. ನನ್ನ ಯಂತ್ರದಲ್ಲಿ ಗ್ಲೋನಾಸ್ (ಜಿಪಿಎಸ್‌ನಂಥದೇ ರಷ್ಯಾದ ವ್ಯವಸ್ಥೆ) ಕೂಡ ಇದೆ. ಎರಡೂ ಆನ್ ಇಡಬಹುದಾ? ಮತ್ತೆ ಮೊಬೈಲಿನಲ್ಲಿ ಗಗನ್ ಇರುತ್ತದಾ? ನಾವಿಕ್ ಅಂತಾರಲ್ಲ, ಅದೂ ಇದೂ ಒಂದೇನಾ?

ರೇಡಿಯೋ ರಾಯ

ಒಂದಲ್ಲ. ನಾವಿಕ್ ತನ್ನದೇ ಉಪಗ್ರಹಗಳಿರುವ, ಭಾರತದ್ದೇ ಬೇರೆ ವ್ಯವಸ್ಥೆ, ಮೊದಲ ಉಪಗ್ರಹ 2013ರ ಜುಲೈನಲ್ಲಿ ಹೋಯ್ತು. ಅದು ತಾನೇ ಸ್ಥಾನ ಹೇಳುತ್ತದೆ. ಗಗನ್ ಜಿಪಿಎಸ್ಸಿನ ತಪ್ಪನ್ನು ತಿದ್ದುತ್ತದೆ. ನಾವಿಕ್ ಮೊದಲು ಎಲ್5 ಮತ್ತು ಎಸ್ ಅನ್ನುವ ತರಂಗಗಳಲ್ಲಿ ಮಾತ್ರ ಇತ್ತು, ಎಲ್1 (ಮೇಲೆ ಹೇಳಿದ 1575.42 ಮೆಗಾಹರ್ಟ್ಸ್) ಸೇರಿದ್ದು 2023ರ ಮೇ 29ರಂದು ಹಾರಿದ ಎನ್‌ವಿಎಸ್-01ರಿಂದ. ಇಟ್ರೆಕ್ಸ್ 10ಕ್ಕೂ ಅದಕ್ಕೂ ಸಂಬಂಧ ಇಲ್ಲ.

ಮೊಬೈಲಿನಲ್ಲಿ ಜಿಪಿಎಸ್‌ಟೆಸ್ಟ್ ಅನ್ನುವ ಆ್ಯಪ್ ಹಾಕಿ ನೋಡಿ, ತಿದ್ದುಪಡಿ ಉಪಗ್ರಹಗಳನ್ನು ಬೇರೆ ಪಟ್ಟಿಯಲ್ಲಿ ತೋರಿಸುತ್ತದೆ. ಕೆಲವು ಫೋನುಗಳಲ್ಲಿ ಬರುತ್ತದೆ, ಕೆಲವಲ್ಲಿ ಇಲ್ಲ. ಎಲ್1 ಎಲ್5 ಎರಡೂ ಹಿಡಿಯುವ ಫೋನ್ ಇದ್ದರೆ ಅಯಾನುಗೋಳದ ತಡವನ್ನು ಎರಡು ತರಂಗ ಹೋಲಿಸಿ ಅದೇ ಅಳೆದುಕೊಳ್ಳಬಹುದು, ಗಗನ್ ಹಂಗು ಕಡಿಮೆ.

ಎಲ್1 ಎಲ್5

ಗ್ಲೋನಾಸ್ ಬಗ್ಗೆ: ಎರಡೂ ಆನ್ ಇಡಬಹುದು. ಆದರೆ ಗಗನ್ ತಿದ್ದುವುದು ಜಿಪಿಎಸ್ ಉಪಗ್ರಹಗಳನ್ನು ಮಾತ್ರ. ಗ್ಲೋನಾಸ್‌ಗೆ ಡಿ ಬರುವುದಿಲ್ಲ. ಬಯಲಿನಲ್ಲಿ ನಾನು ಜಿಪಿಎಸ್ ಒಂದೇ ಇಟ್ಟು ವಾಸ್ ಆನ್ ಮಾಡುತ್ತೇನೆ. ಮರದ ಕೆಳಗೆ ಉಪಗ್ರಹಗಳ ಸಂಖ್ಯೆಯೇ ಮುಖ್ಯ ಆಗುವುದರಿಂದ ಗ್ಲೋನಾಸ್ ಸೇರಿಸಿ ವಾಸ್ ಆಫ್ ಮಾಡುತ್ತೇನೆ. ಇದು ನನ್ನ ಪದ್ಧತಿ, ಬೇರೆಯವರು ಬೇರೆ ಹೇಳಬಹುದು.

ಹಳೇ ಸರಪಳಿ

ಬೆಟ್ಟದಂಚಿನವರಿಗೆ ಕೊನೆಗೆ ಒಂದು. ಗುರುತುಗಳನ್ನು ಹಳೇ ಸರ್ವೆ ಆಫ್ ಇಂಡಿಯಾ ಟೋಪೋ ಶೀಟಿನ ಮೇಲೆ ಕೂರಿಸಿ ನೋಡುವ ಯೋಚನೆ ಇದ್ದರೆ ಅದರ ಅಕ್ಷಾಂಶ ರೇಖಾಂಶ ಎವರೆಸ್ಟ್ ಲೆಕ್ಕದ್ದು, ನಿಮ್ಮ ಯಂತ್ರದ್ದು ಡಬ್ಲ್ಯೂಜಿಎಸ್ 84; ಭೂಮಿಯ ಆಕಾರವನ್ನು ಅಳೆಯುವ ಎರಡು ಬೇರೆ ಆಧಾರಗಳು, ಇದಕ್ಕೇ ಡೇಟಮ್ ಅನ್ನುವುದು. ಹಾಗೇ ಕೂರಿಸಿದರೆ ನಮ್ಮ ಕಡೆ ನೂರು ಮೀಟರಿಗೂ ಜಾಸ್ತಿ ಸರಿದು ಬೀಳುತ್ತದೆ, ಗಗನ್ ಆನ್ ಇದ್ದರೂ ಆಫ್ ಇದ್ದರೂ. ಹೊಸ ಓಪನ್ ಸೀರೀಸ್ ನಕ್ಷೆಯಾದರೆ ಆ ತೊಂದರೆ ಇಲ್ಲ, ಅದು ಡಬ್ಲ್ಯೂಜಿಎಸ್ 84ರಲ್ಲೇ ಇದೆ. ಯಂತ್ರದ ಸೆಟಪ್‌ನಲ್ಲಿ ಮ್ಯಾಪ್ ಡೇಟಮ್ ಏನಿದೆ ಅಂತ ಒಮ್ಮೆ ನೋಡಿಬಿಡಿ, ಮೊದಲು ಬಳಸಿದವರು ಏನಾದರೂ ಬದಲಾಯಿಸಿ ಬಿಟ್ಟಿರಬಹುದು.

ಬೆಟ್ಟದಂಚು

ನೋಡಿದೆ, ಡಬ್ಲ್ಯೂಜಿಎಸ್ 84 ಅಂತಲೇ ಇದೆ. ಹೊಸ ಸಸಿ ಜಾಗ ಆನ್ ಇಟ್ಟು ಒಂದೇ ಏಟಿಗೆ ಸುತ್ತಿದೆ, 27 ಗುಂಟೆ ಚಿಲ್ಲರೆ ಬಂತು. ಟೇಪು ಹಿಡಿದದ್ದು 26. ಸಸಿ ಲೆಕ್ಕಕ್ಕೆ ಇಷ್ಟು ಸಾಕು. ವಾಲ್ವ್‌ಗಳನ್ನು ಈ ವಾರ ಶುರು ಮಾಡುತ್ತೇನೆ, ಆ 90 ನಿಮಿಷದ ಅಂತರ ಇಟ್ಟು.